ಬಡಿಗನ ಬ್ಯಾಟರಿ, ಪಾದಯಾತ್ರೆಯ ದೀಪ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮೂರ ತಂಡದ ಹಿಂದೆ ಒಂದು ಚಿಕ್ಕ ಸರಕು ಗಾಡಿ ಬರುತ್ತದೆ. ಅಡುಗೆಯ ಪಾತ್ರೆಗಳು, ರೊಟ್ಟಿಯ ಗಂಟು, ನೀರಿನ ಡ್ರಮ್ಮು, ಕಾಲು ಬಾತವರಿಗೆಂದು ಒಂದು ಹಾಸಿಗೆ, ಜೊತೆಗೆ ಮೈಕಿನ ಸೆಟ್ಟು. ನಲ್ಲಮಲೆಯ ಕಾಲುದಾರಿಯಲ್ಲಿ ಗಾಡಿ ಸಾಗದು. ಆತ್ಮಕೂರಿನಿಂದಾಚೆ ಅದು ದೋರ್ನಾಲದ ಮೇಲೆ ಸುತ್ತಿ ಬರುತ್ತದೆ. ಅಲ್ಲಿಯವರೆಗಿನ ರಾತ್ರಿಯ ತಂಗುದಾಣಗಳಲ್ಲಿ ಬೆಳಕಿಗೂ ಧ್ವನಿಗೂ ಆ ಗಾಡಿಯೇ ಆಧಾರ.

2022ರಲ್ಲಿ ಆ ಆಧಾರವೇ ಕೈಕೊಟ್ಟಿತು. ಇಂಜಿನ್ ನಿಲ್ಲಿಸಿ, ಗಾಡಿಯ ಬ್ಯಾಟರಿಯಿಂದಲೇ ದೀಪ ಬೆಳಗಿಸಿ, ನಡುರಾತ್ರಿಯವರೆಗೆ ಭಜನೆ ನಡೆಸಿದೆವು. ಬೆಳಗಿನ ಜಾವ ತಾಯಿಯೊಬ್ಬರಿಗೆ ವಾಂತಿಭೇದಿ ಆರಂಭವಾಯಿತು. ಆಸ್ಪತ್ರೆಗೆ ಒಯ್ಯಬೇಕೆಂದು ಚಾಲಕನು ಕೀಲಿ ತಿರುವಿದರೆ ‘ಟಕ್’ ಎಂಬ ಸದ್ದಲ್ಲದೆ ಬೇರೇನೂ ಇಲ್ಲ. ಹತ್ತು ಮಂದಿ ನೂಕಿ, ಏದುಸಿರು ಬಿಟ್ಟು, ಇಪ್ಪತ್ತು ನಿಮಿಷಗಳ ಮೇಲೆ ಗಾಡಿ ಚಾಲೂ ಆಯಿತು. ಆ ತಾಯಿ ಗುಣಮುಖರಾದರು. ಆದರೆ ಮಲ್ಲಯ್ಯನ ಹೆಸರಿನಲ್ಲಿ ಹೊರಟವರು ನಾವು ಒಂದು ಜೀವವನ್ನು ಆ ಸ್ಥಿತಿಗೆ ತಂದೆವಲ್ಲ ಎಂಬ ಅಳುಕು ನನ್ನನ್ನು ಬಹುಕಾಲ ಕಾಡಿತು. ಗಾಡಿಯ ಸೀಸದ ಬ್ಯಾಟರಿ ಇರುವುದು ಕ್ಷಣಕಾಲ ನೂರಾರು ಆಂಪಿಯರ್ ವಿದ್ಯುತ್ತನ್ನು ಕೊಟ್ಟು ಇಂಜಿನ್ನನ್ನು ಎಬ್ಬಿಸಲಿಕ್ಕೆ. ಗಂಟೆಗಟ್ಟಲೆ ಅದನ್ನು ಹಿಂಡಲಿಕ್ಕಲ್ಲ.

ಮರುವರ್ಷ ನಮ್ಮೂರಿನ ಬಡಿಗ ಹುಡುಗನೊಬ್ಬ ಯಾತ್ರೆಗೆ ಬಂದ. “ಅಜ್ಜಾರ, ಈ ಸಲ ಗಾಡೀ ಬ್ಯಾಟರಿ ಮುಟ್ಟೂದು ಬ್ಯಾಡ್ರಿ. ನನ್ನ ಡ್ರಿಲ್ಲಿನ ಬ್ಯಾಟರಿ ತಂದೀನಿ” ಎಂದು ಎರಡು ಇಟ್ಟಿಗೆಯಂತಹ ತುಂಡುಗಳನ್ನು ತೋರಿಸಿದ. ಬಾಗಿಲು ಚೌಕಟ್ಟಿಗೆ ತೂತು ಕೊರೆಯುವ ಯಂತ್ರದ ಬ್ಯಾಟರಿಯಿಂದ ಮೈಕು ನುಡಿಯುವುದೆಂದರೆ, ಮಠದಲ್ಲಿ ವ್ಯಾಕರಣ ಓದಿದ ನನಗೆ ನಂಬಿಕೆ ಬರಲಿಲ್ಲ. ಅವನು ಕುಳಿತು ತಿಳಿಸಿಕೊಟ್ಟ. ನಾನು ಶಿಷ್ಯನಂತೆ ಕೇಳಿದೆ.

ಅದರೊಳಗಿರುವವು ಲಿಥಿಯಂ-ಅಯಾನ್ ಕೋಶಗಳು. ಒಂದೊಂದು ಕೋಶದ ಒತ್ತಡ 3.6 ವೋಲ್ಟ್, ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಕೋಶಕ್ಕೆ 4.2ರಂತೆ 21 ವೋಲ್ಟ್‌ವರೆಗೆ ಏರುತ್ತದೆ. ಗಾಡಿಯ ದೀಪ, ಫ್ಯಾನು, ಮೈಕು ಇವೆಲ್ಲ 12 ವೋಲ್ಟಿಗೆ ಮಾಡಿದವು. ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತವೆ. ಆದ್ದರಿಂದ ನಡುವೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಎಂಬ ಅಂಗೈಯಗಲದ ಪೆಟ್ಟಿಗೆ ಬೇಕು. ಅದಕ್ಕೂ ಮೊದಲು, ಬ್ಯಾಟರಿಯ ಕೆಂಪು ತಂತಿಗೆ ಹತ್ತಿಕೊಂಡೇ ಒಂದು ಫ್ಯೂಜು. ತಂತಿಗೆ ತಂತಿ ತಗಲಿದರೆ ಈ ಜಾತಿಯ ಬ್ಯಾಟರಿ ಬೆಂಕಿಯನ್ನೇ ಹುಟ್ಟಿಸಬಲ್ಲದು. ಬಿಸಿಲಿಗೆ ಕಾದ ಗಾಡಿಯೊಳಗೆ ಅದನ್ನು ಬಿಟ್ಟು ಹೋಗಕೂಡದು. ಇದರಿಂದ ಗಾಡಿಯನ್ನೇ ಚಾಲೂ ಮಾಡುವೆನೆಂದು ಹೊರಡುವುದಂತೂ ಹುಚ್ಚುತನ.

ಲೆಕ್ಕವೂ ಸರಳ. 18 ವೋಲ್ಟ್, 5 ಆಂಪಿಯರ್-ಗಂಟೆ ಎಂದರೆ 90 ವ್ಯಾಟ್-ಗಂಟೆ. ಕನ್ವರ್ಟರ್ ತಿನ್ನುವುದನ್ನು ಕಳೆದರೆ ಸುಮಾರು 80 ಕೈಗೆ ದಕ್ಕುತ್ತದೆ. 9 ವ್ಯಾಟಿನ ಎರಡು ಎಲ್‌ಇಡಿ ದೀಪಗಳನ್ನು ನಾಲ್ಕೂವರೆ ಗಂಟೆ ಉರಿಸಬಹುದು. ಮೈಕನ್ನೂ ಹಚ್ಚಿದರೆ ಒಂದೂವರೆ ಗಂಟೆ ದಾಟುವುದು ಕಷ್ಟ.

ಅಂದಿನ ರಾತ್ರಿ ನನ್ನ ಪ್ರವಚನ. ವಿಷಯ ನುಲಿಯ ಚಂದಯ್ಯನವರ ಕಾಯಕ. ಹುಡುಗನು ಹಗಲೆಲ್ಲ ನಡೆದು, ನೀರು ಹೊತ್ತು, ತೂಕಡಿಸುತ್ತಿದ್ದ. ಮಲಗಪ್ಪಾ, ನಾನು ನೋಡಿಕೊಳ್ಳುತ್ತೇನೆ ಎಂದೆ. “ಮೀಟರಿನ್ಯಾಗ 15 ಬಂತಂದ್ರ ಕಿತ್ತಿಡ್ರಿ ಅಜ್ಜಾರ, ಅದರ ಕೆಳಗ ಇಳಸಬ್ಯಾಡ್ರಿ” ಎಂದು ಹೇಳಿ ಮಲಗಿದ. ಜನ ತಲೆದೂಗುತ್ತಿದ್ದರು, ನನ್ನ ಮಾತು ಬೆಳೆಯಿತು, ಮೀಟರು ಮರೆತೇಹೋಯಿತು. ಕೊನೆಗೆ ಮೈಕು ತಾನಾಗಿ ನಿಂತಿತು. ದೀಪ ಮಿಣುಕುತ್ತಿತ್ತಾದ್ದರಿಂದ ಇನ್ನೂ ಜೀವವಿದೆ ಎಂದುಕೊಂಡು ಹಾಗೆಯೇ ಬಿಟ್ಟು ಮಲಗಿದೆ.

ಬೆಳಿಗ್ಗೆ ಚಾರ್ಜರಿಗೆ ಹಾಕಿದರೆ ಅದು ಕೆಂಪು ದೀಪ ಮಿಟುಕಿಸಿ ಆ ಬ್ಯಾಟರಿಯನ್ನು ನಿರಾಕರಿಸಿತು. ಆಗ ತಿಳಿಯಿತು ಆ 15ರ ಅರ್ಥ: ಕೋಶಕ್ಕೆ 3 ವೋಲ್ಟ್. ಅದಕ್ಕಿಂತ ಬಹಳ ಕೆಳಗಿಳಿದರೆ ಒಳಗಿನ ತಾಮ್ರವೇ ಕರಗತೊಡಗುತ್ತದೆ. ಬಲವಂತದಿಂದ ಚಾರ್ಜ್ ಮಾಡಿದರೆ ಅಪಾಯ. ಬಡಿಗನ ಕೈಯಲ್ಲಿದ್ದಾಗ ಡ್ರಿಲ್ ಯಂತ್ರವೇ ಹೊತ್ತರಿತು ನಿಂತುಬಿಡುತ್ತದೆ. ಎಷ್ಟೋ ಮಾದರಿಗಳಲ್ಲಿ ಆ ಕಾವಲು ಇರುವುದು ಯಂತ್ರದಲ್ಲಿ, ಬ್ಯಾಟರಿಯಲ್ಲಲ್ಲ. ಬ್ಯಾಟರಿಯನ್ನು ಯಂತ್ರದಿಂದ ಬೇರ್ಪಡಿಸಿದ ನಾವು ಕಾವಲನ್ನೂ ಅಲ್ಲಿಯೇ ಬಿಟ್ಟು ಬಂದಿದ್ದೆವು.

ಹೊಸದರ ಬೆಲೆ ಅವನ ಹಲವು ದಿನಗಳ ಕೂಲಿ. ಹಣ ಕೊಡಹೋದರೆ, “ದಾಸೋಹಕ್ಕ ಹೋತಂತ ತಿಳೀರಿ” ಎಂದು ನಕ್ಕ. ನನಗೆ ನಗು ಬರಲಿಲ್ಲ. ದಾಸೋಹವೆಂಬುದು ಕೊಡುವವನು ಅರಿತು ಕೊಡುವುದು. ಅವನು ಕೊಟ್ಟದ್ದು ಒಂದು ರಾತ್ರಿಯ ಬೆಳಕು. ನಾನು ಕಳೆದದ್ದು ಅವನ ಕಾಯಕದ ಸಲಕರಣೆ. ಅದೂ ಹಗ್ಗ ಹೊಸೆದು ಜಂಗಮರನ್ನು ತಣಿಸಿದ ಶರಣರ ಕಥೆ ಹೇಳುತ್ತ! ಊರಿಗೆ ಮರಳಿದ ಮೇಲೆ ಅವನು ಒಂದೇ ಬ್ಯಾಟರಿ ಇಟ್ಟುಕೊಂಡು, ಅದು ಚಾರ್ಜ್ ಆಗುವವರೆಗೆ ಕೆಲಸ ನಿಲ್ಲಿಸಿ ಕಾಯುತ್ತಾನೆಂದು ತಿಳಿಯಿತು. ಅದೇ ಕಂಪನಿಯ ಹೊಸ ಬ್ಯಾಟರಿಯನ್ನು ತರಿಸಿ ಅವನ ತಾಯಿಯ ಕೈಗೆ ಕೊಟ್ಟು ಬಂದೆ. ಅವರು ಮಾತಿಲ್ಲದೆ ತೆಗೆದುಕೊಂಡರು.

2024ರ ಯಾತ್ರೆಗೆ ತಂಡದ ಹಣದಿಂದಲೇ ಬ್ಯಾಟರಿಗಳನ್ನು ಕೊಂಡೆವು. ಹುಡುಗನು ವೋಲ್ಟೇಜ್ ಇಳಿದೊಡನೆ ತಾನಾಗಿ ಸಂಪರ್ಕ ಕಡಿಯುವ ಕಟಾಫ್ ಒಂದನ್ನು ಜೋಡಿಸಿ, 16 ವೋಲ್ಟಿಗೇ ನಿಲ್ಲುವಂತೆ ತಿರುಪು ಬಿಗಿದ. ಒಂದು ವೋಲ್ಟ್ ಹೆಚ್ಚೇಕೆ ಎಂದು ಕೇಳಿದರೆ ನನ್ನ ಮುಖ ನೋಡಿ ಸುಮ್ಮನಾದ. ಅಂದು ಪ್ರವಚನ ಅರ್ಧಕ್ಕೆ ಬಂದಾಗ ಮೈಕು, ದೀಪ ಎರಡೂ ಒಮ್ಮೆಲೇ ನಿಂತವು. ಹಿಂದೆ ಕುಳಿತಿದ್ದ ಅಜ್ಜಿಯರು ಕತ್ತಲಲ್ಲಿಯೇ ತಡವುತ್ತ ಎದ್ದು ನನ್ನ ಹತ್ತಿರಕ್ಕೆ ಬಂದು ಕುಳಿತರು. ಉಳಿದ ಮಾತನ್ನು ನಾನು ಬರಿಯ ಗಂಟಲಿನಲ್ಲಿ ಮುಗಿಸಿದೆ.