ದನಿ ಯಾರದು?

ಹಾಡಿದವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಸಾರಿ ಹೇಳುವ ಪದ್ಧತಿ ಈಗ ಇಲ್ಲ. ಯಾರಾದರೂ ಹೇಳಿದರೆ ಅದನ್ನು ಜಂಬವೆಂದೇ ತಿಳಿದೇವು. ಆದರೆ 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವನ್ನು ಗ್ರಾಮಫೋನಿಗಾಗಿ ಮುದ್ರಿಸಿಕೊಂಡಾಗ, ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿಯೇ ಮುಗಿಸುತ್ತಿದ್ದರು. ಕಾರಣ ಸರಳವಾದುದು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರನಿಗೆ ಭಾಷೆಯೂ ತಿಳಿಯದು, ಗಾಯಕಿಯ ಪರಿಚಯವೂ ಇಲ್ಲ. ಚೀಟಿ ಅಂಟಿಸುವುದಕ್ಕೆ ಅವನಿಗೊಂದು ಹೆಸರು ಬೇಕು.

ನಮ್ಮ ಕಾಕಾನಿಗೆ ಈ ಬುದ್ಧಿ ಹೊಳೆದಿರಲಿಲ್ಲ. ಅವನದು ಕಲಾದಗಿಯ ಸಮೀಪದ ತುಳಸಿಗೇರಿ. ಹನುಮಪ್ಪನ ಗುಡಿಯಿಂದ ಸುತ್ತಲ ಸೀಮೆಗೆಲ್ಲ ಹೆಸರಾದ ಊರು. 1980ರ ದಶಕದಲ್ಲಿ ಒಂದು ಟೇಪ್ ರಿಕಾರ್ಡರ್ ಕೊಂಡು, ಜಾತ್ರೆ, ಮೊಹರಮ್ಮು, ಆಟ ಯಾವುದಿದ್ದರೂ ಅದನ್ನು ಮಗುವಿನಂತೆ ಕಂಕುಳಲ್ಲಿ ಹೊತ್ತು ಹೋಗುತ್ತಿದ್ದ. ಹೆಜ್ಜೆಮೇಳ, ಕರಡಿ ಮಜಲು, ಬೆಳತನಕ ನಡೆದ ಶ್ರೀಕೃಷ್ಣ ಪಾರಿಜಾತ, ಹೀಗೆ 38 ಕ್ಯಾಸೆಟ್ಟುಗಳನ್ನು ತುಂಬಿಸಿ ಒಂದು ಟ್ರಂಕಿನಲ್ಲಿಟ್ಟು ತೀರಿಕೊಂಡ. ಅವುಗಳ ಮೇಲೆ ಅವನು ಬರೆದಿಟ್ಟ ಚೀಟಿಗಳನ್ನು ಓದುವುದೇ ಒಂದು ಸೊಗಸು. ಒಂದರ ಮೇಲೆ ‘ಛಲೋ ಐತಿ’. ಇನ್ನೊಂದರ ಮೇಲೆ ‘ಅಳಿಸಬ್ಯಾಡ್ರಿ’. ಮತ್ತೊಂದರ ಮೇಲೆ ‘ಮೊನ್ನಿಂದು’. ಅದು ಯಾವ ಮೊನ್ನೆಯೋ ಹನುಮಪ್ಪನೇ ಬಲ್ಲ! ಹಾಡಿದವರಾರು, ಕುಣಿದವರಾರು ಎಂಬುದು ಎಲ್ಲಿಯೂ ಇಲ್ಲ. ಅವನಿಗೆ ಎಲ್ಲರೂ ಗೊತ್ತಿದ್ದರು; ಗೊತ್ತಿದ್ದುದನ್ನು ಯಾರು ಬರೆದಿಡುತ್ತಾರೆ?

ಈ ದನಿಗಳನ್ನು ಕಂಪ್ಯೂಟರಿಗೆ ಇಳಿಸಿ ಹತ್ತು ಜನರಿಗೆ ಕೇಳಿಸೋಣವೆಂದು ನಾನು ರಜೆ ಹಾಕಿ ಊರಿಗೆ ಹೋದೆ. ಕೆಲಸ ಕಠಿಣವಲ್ಲ, ಆದರೆ ತಾಳ್ಮೆ ಬೇಡುವಂಥದು. ಕ್ಯಾಸೆಟ್ಟಿನ ಫೀತೆ ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರಿನಂತೆ ಸಾಗುತ್ತದೆ. 60 ನಿಮಿಷದ ಕ್ಯಾಸೆಟ್ಟನ್ನು ಇಳಿಸಲು 60 ನಿಮಿಷ ಕೂಡಲೇಬೇಕು. ಮೊದಲು ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ವರ್ಷಗಟ್ಟಲೆ ಮಲಗಿದ್ದ ಫೀತೆಯನ್ನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಸುತ್ತಿ ಮೈ ಸಡಿಲಿಸಬೇಕು. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಹೀಗೆ ಇಳಿಸಿದ ಒಂದು ತಾಸಿನ ಹಾಡು ಸುಮಾರು 600 ಎಂಬಿ ಜಾಗ ಹಿಡಿಯುತ್ತದೆ. ಎಂಪಿ3 ಮಾಡಿದರೆ ಹತ್ತನೆಯ ಒಂದು ಪಾಲಿಗೆ ಕುಗ್ಗುತ್ತದೆ, ಸೂಕ್ಷ್ಮ ಸ್ವಲ್ಪ ಸೋರುತ್ತದೆ. ಫೀತೆಯ ‘ಸುಂಯ್’ ಎಂಬ ಸದ್ದನ್ನು ತೆಗೆದುಹಾಕುವ ಉಪಾಯವೂ ಉಂಟು. ಆದರೆ ಅದಕ್ಕೆ ಸದ್ದಿಗೂ ಗೆಜ್ಜೆಗೂ ಭೇದ ಸರಿಯಾಗಿ ತಿಳಿಯದು. ಆದುದರಿಂದ ಅದರ ಗೊಡವೆಗೆ ಹೋಗಲಿಲ್ಲ.

ದೊಡ್ಡ ಕಡತಗಳನ್ನು ಕಳುಹಿಸಲು ಮೊಬೈಲಿನ ಇಂಟರ್‌ನೆಟ್ ಸಾಲದೆಂದು ಮನೆಗೆ ಫೈಬರ್ ತಂತಿ ತರಿಸಿ ವೈಫೈ ಹಾಕಿಸಿದೆ. ತಂತಿಯಿಲ್ಲದೆ ಎಲ್ಲರ ಫೋನಿಗೂ ಬರುತ್ತದೆಂದು ನಾನು ವಿವರಿಸಿದಾಗ ಕಾಕು ಕೇಳಿದಳು: “ತಂತಿ ಇಲ್ಲದ ಬರೂ ಹಂಗಿದ್ರ, ಮನೀತನಕ ತಂತಿ ಯಾಕ ಎಳಿಸಿದ್ಯೋ ತಮ್ಮಾ?” ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಆದರೆ ಅವಳ ಪ್ರಶ್ನೆಯಷ್ಟು ಚೆನ್ನಾಗಿರಲಿಲ್ಲ.

ದೀಪ ಇಡುವ ಮಾಡದಲ್ಲಿಯೇ ರೂಟರು ಇರಲೆಂದು ಅವಳ ಇಚ್ಛೆ. ಆದರೆ ಮೂರೂ ಕಡೆ ದಪ್ಪ ಕಲ್ಲು. ರೂಟರಿನ ಎರಡು ಬಗೆಯ ಅಲೆಗಳಲ್ಲಿ 5 ಗಿಗಾಹರ್ಟ್ಸಿನದು ಪಟ್ಟಣದ ಅಳಿಯನಂತೆ ಚುರುಕು, ಗೋಡೆ ಅಡ್ಡ ಬಂದರೆ ಸುಸ್ತು, 2.4 ಗಿಗಾಹರ್ಟ್ಸಿನದು ಸಾವಕಾಶ, ಆದರೆ ಗೋಡೆ ದಾಟುವುದರಲ್ಲಿ ಅದೇ ಮೇಲು. ಕಡೆಗೆ ಪಡಸಾಲೆಯ ತೊಲೆಗೆ ಮೊಳೆ ಬಡಿದು ಎತ್ತರದಲ್ಲಿ ಕೂಡಿಸಿದೆವು. ಬಾಗಿಲು ತೆರೆದರೆ ಹೊರಗಿನ ಕಟ್ಟೆಯವರೆಗೂ ಸಿಗುತ್ತಿತ್ತು. ಪಾಸ್‌ವರ್ಡ್ ಕಾಕುವಿನ ಬಾಯಲ್ಲಿತ್ತಾದ್ದರಿಂದ ಅದು ಗುಟ್ಟಾಗಿ ಉಳಿದದ್ದು ಒಂದೇ ದಿವಸ.

ಅದರಿಂದ ಒಳ್ಳೆಯದೇ ಆಯಿತು. ವೈಫೈ ಸಲುವಾಗಿ ಹುಡುಗರು ಕಟ್ಟೆಗೆ ಬಂದರು. ಹುಡುಗರನ್ನು ಬೈಯಲು ಹಿರಿಯರು ಬಂದರು. ಬಂದವರು ಹಾಡು ಕೇಳುತ್ತ ಕುಳಿತರು. ಒಂದು ಸಂಜೆ ‘ಮೊನ್ನಿಂದು’ ಕ್ಯಾಸೆಟ್ಟಿನ ಹೆಜ್ಜೆಮೇಳ ಹಚ್ಚಿದಾಗ ಎಂಬತ್ತರ ಸಮೀಪದ ಒಬ್ಬ ಅಜ್ಜ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. “ಹಾಡಾವ ಯಾರೋ ತಿಳೀವಲ್ದು. ಆದ್ರ ಎರಡನೇ ಸುತ್ತಿನ್ಯಾಗ ಒಂದು ಗೆಜ್ಜಿ ಹಿಂದ ಬಿತ್ತು ನೋಡ್ರಿ, ಅದು ನಮ್ಮ ತಮ್ಮಂದು. ಅಂವಾ ಯಾವಾಗ್ಲೂ ಅಲ್ಲೇ ತಪ್ಪತಿದ್ದ.” ತಮ್ಮ ಹೋಗಿ ಹತ್ತು ವರ್ಷವಾಗಿತ್ತು. ಆ ಜಾಗವನ್ನು ಮತ್ತೆ ಮತ್ತೆ ಹಚ್ಚಲು ಹೇಳಿದ. ಐದು ಸಲ ಕೇಳಿದ. ಆ ತಪ್ಪಿದ ಹೆಜ್ಜೆಯಿಂದ ವರ್ಷ ಸಿಕ್ಕಿತು, ವರ್ಷದಿಂದ ಮೇಳ ಸಿಕ್ಕಿತು, ಮೇಳದಿಂದ ಹಾಡಿದವನ ಹೆಸರೂ ಸಿಕ್ಕಿತು. ನಾನು ನೋಟುಬುಕ್ಕು ತೆರೆದು ಬರೆದುಕೊಂಡೆ.

ಎಲ್ಲವೂ ಹೀಗೆ ಸುಸೂತ್ರವಾಗಲಿಲ್ಲ. ಮೊಹರಮ್ಮಿನ ರಿವಾಯತ ಪದಗಳ ಕ್ಯಾಸೆಟ್ಟಿನಲ್ಲಿ ಹಾಡಿದ ಹಿರಿಯರ ಮಗ ಬಂದು ಕೇಳಿದ. ಕಣ್ಣೊರೆಸಿಕೊಂಡು, “ನನಗೊಂದು ಕಾಪಿ ಕೊಡ್ರಿ ಕಾಕಾ, ಊರಿಗೆಲ್ಲಾ ಹಂಚಬ್ಯಾಡ್ರಿ. ಅವು ಆ ಹತ್ತು ದಿನದ ಪದ, ವರ್ಷಾನಗಟ್ಲೆ ಯಾರ್‍ದೋ ಫೋನಿನ್ಯಾಗ ಹಾಡಬಾರದು” ಎಂದ. ಹಾಡಿದವನ ಹಕ್ಕನ್ನು ನಮ್ಮ ಕಾನೂನು 50 ವರ್ಷ ಕಾಯುತ್ತದೆ. ಆದರೆ ಅವನು ಆಡಿದ್ದು ಕಾನೂನಿನ ಮಾತಲ್ಲ. ಆ ಕ್ಯಾಸೆಟ್ಟನ್ನು ಅಂತರ್ಜಾಲಕ್ಕೆ ಏರಿಸಲಿಲ್ಲ. ಮನೆಯವರು ಒಪ್ಪಿದ ಹಾಡುಗಳು ಮಾತ್ರ, 1996ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಭಂಡಾರಕ್ಕೆ ಸೇರಿದವು, ಹಾಡಿದವರ, ಬಾರಿಸಿದವರ, ಕುಣಿದವರ ಹೆಸರುಗಳೊಂದಿಗೆ.

ಹೆಸರಿಗಾಗಿ ಇಷ್ಟೇಕೆ ಒದ್ದಾಟವೆಂದು ಓದುಗರು ಕೇಳಬಹುದು. ನಮ್ಮ ಜಿಲ್ಲೆಯ ಬೀಳಗಿಯನ್ನೇ ನೋಡಿ. ಅಲ್ಲಿಯ ಅಮೀರಬಾಯಿ ಕರ್ನಾಟಕಿ 1965ರಲ್ಲಿ ತೀರಿಕೊಂಡರೂ 1943ರ ‘ಕಿಸ್ಮತ್’ ಚಿತ್ರದ ಹಾಡುಗಳನ್ನು ಇಂದೂ ಅವರ ಹೆಸರಿನಿಂದಲೇ ಹುಡುಕಿ ಕೇಳುತ್ತಾರೆ. ತಟ್ಟೆಯ ಮೇಲೆ ಹೆಸರು ಅಚ್ಚಾಗಿತ್ತು. ಅದೇ ಬೀಳಗಿಯ ಸನಾದಿ ಅಪ್ಪಣ್ಣನ ಹೆಸರು 1977ರ ಚಲನಚಿತ್ರದಿಂದ ಮನೆಮಾತಾಯಿತು, ಆದರೆ ಕನ್ನಡಿಗರ ಕಿವಿಯಲ್ಲಿ ನಿಂತ ಸನಾದಿ ಬಿಸ್ಮಿಲ್ಲಾ ಖಾನರದು. ಒಬ್ಬರಿಗೆ ದನಿಯೂ ಹೆಸರೂ ಒಟ್ಟಿಗೆ ಉಳಿದವು. ಇನ್ನೊಬ್ಬರ ಹೆಸರು ಬೇರೆಯವರ ದನಿಯನ್ನು ಆಶ್ರಯಿಸಿತು. ನಮ್ಮ ಟ್ರಂಕಿನಲ್ಲಿದ್ದುದು ಹೆಸರಿಲ್ಲದ ದನಿ.

38ರಲ್ಲಿ 29 ಕ್ಯಾಸೆಟ್ಟುಗಳಿಗೆ ಹೆಸರು ದೊರೆತಿವೆ. ಉಳಿದ ಒಂಬತ್ತಕ್ಕೆ ಕಟ್ಟೆಯ ಮೇಲೆ ಇನ್ನೂ ವಾದ ನಡೆದಿದೆಯೆಂದು ಕಾಕು ಫೋನಿನಲ್ಲಿ ಹೇಳುತ್ತಾಳೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಟ್ರಂಕು ಇದ್ದೀತು. ಪ್ಲೇಯರು ಮುಂದಿನ ವರ್ಷವೂ ಎಲ್ಲಿಯಾದರೂ ಸಿಗುತ್ತದೆ. ಗೆಜ್ಜೆಯ ಸದ್ದಿನಿಂದಲೇ ತಮ್ಮನನ್ನು ಗುರುತಿಸುವ ಅಜ್ಜನ ವಿಷಯದಲ್ಲಿ ಆ ಧೈರ್ಯ ನನಗಿಲ್ಲ. ಬರುವ ಹುಣ್ಣಿಮೆಗೆ ಮತ್ತೆ ಊರಿಗೆ ಹೊರಟಿದ್ದೇನೆ.