ಉದ್ದ ಮೂತಿಯ ಕ್ಯಾಮೆರಾ

ಸಾಫ್ಟ್‌ವೇರ್ ಕೆಲಸದ ಮೊದಲ ಬೋನಸ್ಸಿಗೂ ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೂ ಏನೋ ಋಣಾನುಬಂಧ. ನಮ್ಮ ಪಟ್ಟಂದೂರು ಅಗ್ರಹಾರದ ಬಾಡಿಗೆ ಮನೆಗಳ ಬೀರುಗಳನ್ನು ತೆರೆಸಿದರೆ, ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಮಲಗಿರುವ ಕ್ಯಾಮೆರಾಗಳದೇ ಒಂದು ಪ್ರದರ್ಶನ ಇಡಬಹುದು. ಕೊಂಡದ್ದೇನೋ ಆಯಿತು, ತೆಗೆಯುವುದು ಏನನ್ನು? ಸುತ್ತೆಲ್ಲ ಗಾಜಿನ ಕಟ್ಟಡಗಳು. ಅವುಗಳತ್ತ ಲೆನ್ಸ್ ಎತ್ತಿದರೆ ಸೆಕ್ಯೂರಿಟಿಯವರ ಸೀಟಿ. ಕೆರೆಯ ಕಡೆ ಹೋದರೆ ಒಂದೆರಡು ಬೆಳ್ಳಕ್ಕಿ, ಅವುಗಳ ಬೆನ್ನಿಗೆ ಮತ್ತೆ ಗಾಜಿನ ಕಟ್ಟಡ. ನಮ್ಮ ಮುಂದಿನ ಮೆಟ್ರೊ ನಿಲ್ದಾಣಕ್ಕೆ ಕಾಡುಗೋಡಿ ಟ್ರೀ ಪಾರ್ಕ್ ಎಂಬ ಹೆಸರಿದೆ. ಕೇಳಲು ತಂಪಾಗಿದೆ.

ಬೀರುವಿನ ಸೆರೆಯಿಂದ ಕ್ಯಾಮೆರಾಗಳನ್ನು ಬಿಡಿಸಿದ್ದೇ ಮೆಟ್ರೊ. 2023ರ ಮಾರ್ಚ್‌ನಲ್ಲಿ ರೈಲು ನಮ್ಮೂರಿಗೆ ಬಂತು, ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಕೂಡಿಕೊಂಡಿತು. ಇಲ್ಲಿ ಹತ್ತಿದರೆ ರೈಲು ಬದಲಿಸದೆ ಕಬ್ಬನ್ ಪಾರ್ಕ್. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದರೆ ಲಾಲ್‌ಬಾಗ್. ಭಾನುವಾರ ಬೆಳಿಗ್ಗೆ ಕಪ್ಪು ಬ್ಯಾಗನ್ನು ತೊಡೆಯ ಮೇಲೆ ಅಪ್ಪಿ ಕೂತವರು, ಕೂಸನ್ನು ಲಸಿಕೆ ಹಾಕಿಸಲು ಒಯ್ಯುವವರ ಹಾಗೆ ಕಾಣುತ್ತಾರೆ.

ಫಜೀತಿ ಇರುವುದು ಗೇಟಿನಲ್ಲಿ. ಯಾವ ತೋಟದ ಗೇಟು ಎಂಬುದು ಬೇಡ.

“ಸಾರ್, ಇದನ್ನ ಒಳಗೆ ಬಿಡಲ್ಲ.”

“ಹೂವಿನ ಫೋಟೊ ಅಷ್ಟೇ ಅಣ್ಣ.”

“ಹೂವೋ ಹುಡುಗೀನೋ ನಮಗೇನ್ ಗೊತ್ತಾಗುತ್ತೆ? ಮೊಬೈಲಲ್ಲಿ ಎಷ್ಟ್ ಬೇಕಾದ್ರೂ ತಗೊಳ್ಳಿ ಸಾರ್.”

ಕೋಪ ಬಂದರೂ ಆತನ ಸಂಕಟ ನನಗೆ ಅರ್ಥವಾಗುತ್ತದೆ. ಪ್ರೀ ವೆಡ್ಡಿಂಗ್ ಶೂಟ್ ಎಂಬ ದಂಡಯಾತ್ರೆಯನ್ನು ನೋಡಿದವರು ಕಾವಲುಗಾರನನ್ನು ಬೈಯಲಾರರು. ಮದುಮಗಳ ನೆಲ ಗುಡಿಸುವ ಗೌನು, ಅದನ್ನು ಹಿಡಿಯಲೊಬ್ಬ, ಬಿಳಿ ತಟ್ಟೆಯಂಥ ರಿಫ್ಲೆಕ್ಟರ್ ಎತ್ತಲೊಬ್ಬ, ಬಣ್ಣದ ಹೊಗೆ ಬಿಡಲೊಬ್ಬ. ಬಿದಿರ ಮೆಳೆಯೇ ಬಟ್ಟೆ ಬದಲಿಸುವ ಕೋಣೆ. ಮದುಮಗ ಓಡಿ ಬರಬೇಕಾದ ದಾರಿಯಲ್ಲಿ ಸಾಲ್ವಿಯಾ ಪಾತಿ ಇದ್ದರೆ ಪಾತಿಗೇ ಕೇಡು. ಮಾಲಿ ತಿಂಗಳುಗಟ್ಟಲೆ ನೀರು ಹನಿಸಿ ಎಬ್ಬಿಸಿದ ಹುಲ್ಲು ಒಂದೇ ಬೆಳಿಗ್ಗೆಗೆ ನೆಲಕಚ್ಚುತ್ತದೆ. ಇದಕ್ಕೆ ನಿಷೇಧ ಬೇಕು, ದಂಡವೂ ಬೇಕು.

ಆದರೆ ದೊಡ್ಡ ಕ್ಯಾಮೆರಾ ಹಿಡಿದವನೆಲ್ಲ ಹೊಟ್ಟೆಪಾಡಿನ ಛಾಯಾಗ್ರಾಹಕ ಎಂಬ ಲೆಕ್ಕವಿದೆಯಲ್ಲ, ಅದು ಕರ್ನಾಟಕದಲ್ಲಂತೂ ಹೊಂದುವುದಿಲ್ಲ. ಇಲ್ಲಿ ಉದ್ದ ಮೂತಿಯ ಲೆನ್ಸುಗಳಿಗೆ ಹವ್ಯಾಸಿಗಳ ಘನವಾದ ಪರಂಪರೆಯೇ ಇದೆ. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪು ಬಿಳುಪಿನಲ್ಲಿ ಕಾಡುಪ್ರಾಣಿಗಳನ್ನು ಹಿಡಿದಿಟ್ಟವರು. ಮೂಡಿಗೆರೆಯ ತೇಜಸ್ವಿ ಕಾಫಿ ಬೆಳೆಯುತ್ತ, ಕತೆ ಬರೆಯುತ್ತ, ಹಕ್ಕಿಗಳಿಗಾಗಿ ಕಾದು ಕೂತವರು. ಅವರೆಲ್ಲ ಕಾಡಿಗೆ ಹೋದರು ಸರಿ, ರಜೆ ಒಂದೇ ದಿನ ಇರುವ ನಮ್ಮಂಥವರಿಗೆ ಲಾಲ್‌ಬಾಗೇ ಕಾಡು.

ಅದೇನು ಸಾಮಾನ್ಯ ಜಾಗವೇ? 1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಇಂದು 240 ಎಕರೆ. 1889ರಲ್ಲಿ ಅಡಿಪಾಯ ಹಾಕಿದ ಗಾಜಿನ ಮನೆಯ ಕಬ್ಬಿಣದ ಕಮಾನುಗಳ ನಡುವೆ ಬೆಳಗಿನ ಬಿಸಿಲು ಇಳಿಯುವುದನ್ನು ನೋಡಬೇಕು. (ನಮ್ಮ ಏರಿಯಾದ ಗಾಜಿಗೆ ಬಿಸಿಲನ್ನು ಎದುರಿಗಿರುವವರ ಕಣ್ಣಿಗೆ ಹೊಡೆಯುವುದೊಂದೇ ಗೊತ್ತು.) ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮುಂದೆ ಶಟರ್ ಸ್ಪೀಡು ಹೊಂದಿಸುವಾಗ ಕೊಂಚ ನಗು ಬರುತ್ತದೆ.

ತಮಾಷೆಯೆಂದರೆ, ಇಂದು ಚಿತ್ರದಿಂದ ದುಡ್ಡು ಮಾಡುವವರಲ್ಲಿ ಎಷ್ಟೋ ಜನರ ಕೈಯಲ್ಲಿರುವುದು ಮೊಬೈಲು. ರೀಲ್ಸ್ ಮಾಡುವವರು ದಾರಿಗೆ ಅಡ್ಡ ನಿಂತು, ಹಾಡು ಹಾಕಿ, ಕುಣಿದು, ಯಾವ ತಡೆಯೂ ಇಲ್ಲದೆ ಮನೆಗೆ ಹೋಗುತ್ತಾರೆ. ಜೇಡನ ಬಲೆಯ ಮೇಲಿನ ಇಬ್ಬನಿಗಾಗಿ ಮಂಡಿಯೂರಿದ ನಿವೃತ್ತ ಮೇಷ್ಟ್ರ ಕುತ್ತಿಗೆಯಲ್ಲಿ ಕ್ಯಾಮೆರಾ ಕಂಡರೆ ವಿಚಾರಣೆ!

ಆದ್ದರಿಂದ ಉದ್ಯಾನಗಳನ್ನು ನೋಡಿಕೊಳ್ಳುವವರಲ್ಲಿ ಒಂದು ಅರಿಕೆ: ಕ್ಯಾಮೆರಾದ ಗಾತ್ರ ಬಿಡಿ, ಟ್ರೈಪಾಡು, ಲೈಟು, ವೇಷಭೂಷಣ, ಜೊತೆಯ ಪಟಾಲಮ್ಮು ನೋಡಿ. ಒಬ್ಬನೇ ಬಂದವನಿಂದ ಬೇಕಾದರೆ ಶುಲ್ಕ ತೆಗೆದುಕೊಳ್ಳಿ, ರಸೀದಿ ಕೊಡಿ. ನಿಯಮವನ್ನು ಗೇಟಿನ ಹೊರಗೇ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಕಾವಲಿನವರಿಗೂ ದಿನವಿಡೀ ವಾದ ಮಾಡುವುದು ತಪ್ಪುತ್ತದೆ. ಹವ್ಯಾಸಿ ಮಿತ್ರರೇ, ನೀವೂ ಅಷ್ಟೇ: ಟ್ರೈಪಾಡು ಮನೆಯಲ್ಲಿರಲಿ, ಹಕ್ಕಿಯ ಗೂಡಿನ ಹತ್ತಿರ ಹೋಗಬೇಡಿ, ಪಾತಿಯೊಳಗೆ ಕಾಲಿಡಬೇಡಿ.