ಜಾಲಿ ಕೊಯ್ಯಾಕ ಎಷ್ಟ ಎಚ್‌ಪಿ ಬೇಕ್ರಿ?

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಕುಂಟಿ, ಕೂರಿಗಿಗೆ ಜಾಲಿ ಕಟಗೀನ ಬೇಕು. ಆ ಗಟ್ಟಿ ಕಟಗಿ ಸೀಳಾಕ ಟೇಬಲ್ ಸಾ ತರೋ ಮೊದಲು ನಾ ಒಂದು ವಾರ ಮನಿ ವೋಲ್ಟೇಜ್ ಬರಕೊಂಡೆ: ನಸುಕಿನ್ಯಾಗ 225, ಪಂಪ್‌ಸೆಟ್ ಚಾಲೂ ಇದ್ದಾಗ 180.

1 ಎಚ್‌ಪಿ ಅಂದ್ರ 746 ವ್ಯಾಟ್. ಆದ್ರ ಅದು 230 ವೋಲ್ಟ್ ಪೂರಾ ಬಂದಾಗಿನ ಲೆಕ್ಕ. 180ಕ್ಕೆ ಇಳಿದ್ರ ಇಂಡಕ್ಷನ್ ಮೋಟಾರಿನ ತಿರುಗೋ ಬಲ ಸುಮಾರು 60 ಪರ್ಸೆಂಟಿಗೆ ಬೀಳ್ತದ. ಬ್ಲೇಡ್ ಕಟಗ್ಯಾಗ ಸಿಕ್ಕೊಂಡ್ರ ಮೋಟಾರ್ ಸುಡ್ತದ. ಕಟಗಿ ಹಿಂದಕ್ಕ ಚಿಮ್ಮಿದ್ರ ಕೈಗೇ ಕುತ್ತು.

ಅದಕ್ಕ ನಾ 3 ಎಚ್‌ಪಿ ಮೋಟಾರ್, 10 ಇಂಚಿನ 24 ಹಲ್ಲಿನ ಬ್ಲೇಡ್ ಆರಿಸೀನಿ. ಸೀಳು ಕೂಡದಂಗ ಬ್ಲೇಡಿನ ಹಿಂದ ಪಟ್ಟಿ ಇಲ್ಲದ ಮಷಿನ್ ಅಗ್ಗ ಸಿಕ್ರೂ ಬ್ಯಾಡ್ರಿ. ಪಂಪ್ ನಿಂತ ಮ್ಯಾಲೇ ಕೊಯ್ರಿ.